ಕೆರೆ ಕೋಡಿ ಬಿದ್ದ ವರ್ಷ ಬಣ್ಣದ ಕೊಕ್ಕರೆ ಎಲ್ಲಿ ಹೋಯಿತು?

ಪ್ರಶ್ನೆ: ನಮ್ಮದು ತುಮಕೂರು ಜಿಲ್ಲೆಯ ಒಂದು ಹಳ್ಳಿ. ಸಂಕ್ರಾಂತಿ ಕಳೆದರೆ ಸಾಕು, ಊರ ಕೆರೆಗೆ ಬಣ್ಣದ ಕೊಕ್ಕರೆಗಳು ಬರುತ್ತಿದ್ದವು. ಹುಣಸೆ ಮರಗಳಲ್ಲಿ ಗೂಡೂ ಕಟ್ಟುತ್ತಿದ್ದವು. ಎರಡು ವರ್ಷದ ಹಿಂದೆ ಕೆರೆಯ ಹೂಳೆತ್ತಿಸಿದೆವು. ಈ ಸಲ ಒಳ್ಳೆ ಮಳೆಯಾಗಿ ಕೋಡಿ ಬಿತ್ತು, ಫೆಬ್ರುವರಿಯಲ್ಲೂ ಕೆರೆ ತುಂಬಿ ನಿಂತಿದೆ. ಆದರೆ ಕೊಕ್ಕರೆಗಳು ಬೆರಳೆಣಿಕೆಯಷ್ಟೂ ಇಲ್ಲ. ನೀರು ಹೆಚ್ಚಿದರೆ ನೀರುಹಕ್ಕಿಯೂ ಹೆಚ್ಚಬೇಕಲ್ಲವೇ? ಇವು ಎಲ್ಲಿಂದ ಬರುತ್ತವೆ? ಗೂಡಿನಿಂದ ಮರಿ ಬಿದ್ದರೆ ನಾವು ಏನು ಮಾಡಬೇಕು?

ಉತ್ತರ: ಬಣ್ಣದ ಕೊಕ್ಕರೆಯ ಮಟ್ಟಿಗೆ ತುಂಬಿದ ಕೆರೆಯೆಂದರೆ ಬಾಗಿಲು ಹಾಕಿದ ಊಟದ ಮನೆ. ಒಳಗೆ ಮೀನು ಎಷ್ಟಿದ್ದರೇನು, ಕೊಕ್ಕಿಗೆ ಎಟುಕುವುದಿಲ್ಲ. ಈ ಹಕ್ಕಿ ಕಾಯುವುದು ಇಳಿಯುವ ನೀರಿಗಾಗಿ. ಅದು ಯಾವ ತಿಂಗಳು ಬರುತ್ತದೆ, ಎಷ್ಟು ಮೊಟ್ಟೆ ಇಡುತ್ತದೆ, ಮರಿಗಳಲ್ಲಿ ಎಷ್ಟು ಉಳಿಯುತ್ತವೆ, ನಿಮ್ಮ ಹುಣಸೆ ಮರ ಈ ಸಲ ಏಕೆ ಖಾಲಿ ನಿಂತಿದೆ, ಎಲ್ಲದರ ಎಳೆ ಹಿಡಿದು ಹೋದರೂ ಅಲ್ಲಿಗೇ ತಲುಪುತ್ತೇವೆ. ಹೂಳೆತ್ತಿದ ರೀತಿಯದೂ ಇದರಲ್ಲಿ ಒಂದು ಪಾಲು ಇದ್ದೀತು. ಅದನ್ನು ಆಮೇಲೆ ನೋಡೋಣ.

ಮೊದಲು ಹಕ್ಕಿ ಅದೇ ಹೌದೇ ಎಂದು ಖಾತ್ರಿ ಮಾಡಿಕೊಳ್ಳಿ, ಏಕೆಂದರೆ ನಮ್ಮ ಮಾತಿನಲ್ಲಿ ಉದ್ದ ಕಾಲಿನ ಬಿಳಿ ಹಕ್ಕಿಯೆಲ್ಲ ಕೊಕ್ಕರೆಯೇ. ಎಮ್ಮೆಯ ಹಿಂದೆ ಮುಂದೆ ಸುಳಿದಾಡುವುದು ಬೆಳ್ಳಕ್ಕಿ. ಕತ್ತನ್ನು ಮಡಚಿ ಹೆಗಲ ನಡುವೆ ಸಿಕ್ಕಿಸಿಕೊಂಡು ಹಾರುವ ಬೂದು ಹಕ್ಕಿ ಬಕ. ಕೊಕ್ಕರೆಗಳು ಕತ್ತನ್ನು ಮುಂದಕ್ಕೂ ಕಾಲನ್ನು ಹಿಂದಕ್ಕೂ ಚಾಚಿ ಹಾರುತ್ತವೆ. ಬಣ್ಣದ ಕೊಕ್ಕರೆ ಸುಮಾರು ಒಂದು ಮೀಟರ್ ಉದ್ದದ ಹಕ್ಕಿ. ರೆಕ್ಕೆ ಬಿಚ್ಚಿದರೆ ತುದಿಯಿಂದ ತುದಿಗೆ 150ರಿಂದ 160 ಸೆಂಟಿಮೀಟರ್, ತೂಕ 2ರಿಂದ 5 ಕಿಲೋ. ತಲೆಯ ಮುಂಭಾಗದಲ್ಲಿ ಗರಿಯಿಲ್ಲ, ಬರೀ ಕಿತ್ತಳೆ ಬಣ್ಣದ ಬೋಳು ಚರ್ಮ. ಹಳದಿ ಕೊಕ್ಕು ಬುಡದಲ್ಲಿ ದಪ್ಪ, ತುದಿಯಲ್ಲಿ ತುಸು ಕೆಳಬಾಗು. ಎದೆಗೆ ಅಡ್ಡಲಾಗಿ ಕಪ್ಪು ಪಟ್ಟಿಯಿದ್ದು, ಆ ಕಪ್ಪಿನೊಳಗೆ ಮೀನಿನ ಹುರುಪೆಯಂತೆ ಬಿಳಿ ಅಂಚುಗಳು ಸಾಲುಗಟ್ಟಿರುತ್ತವೆ. ಬೆನ್ನ ಹಿಂದೆ ಇಳಿಬಿದ್ದ ಗುಲಾಬಿ ಗರಿಗಳನ್ನು ಎಲ್ಲರೂ ಬಾಲ ಅಂದುಕೊಳ್ಳುತ್ತಾರೆ. ಅವು ರೆಕ್ಕೆಯ ಒಳಬದಿಯ ಗರಿಗಳು, ಬಾಲ ಅದರಡಿಯಲ್ಲಿ ಕಪ್ಪಗೆ ಗಿಡ್ಡಗೆ ಇರುತ್ತದೆ. ಆ ಗುಲಾಬಿಯನ್ನು ಕಂಡು ‘ನಮ್ಮ ಕೆರೆಗೆ ರಾಜಹಂಸ ಬಂದಿದೆ’ ಎಂದು ಸುದ್ದಿ ಮಾಡುವವರೂ ಇದ್ದಾರೆ. ಗಂಡು ಹೆಣ್ಣುಗಳಿಗೆ ಬಣ್ಣದಲ್ಲಿ ವ್ಯತ್ಯಾಸವಿಲ್ಲ. ಜೋಡಿಯಾಗಿ ನಿಂತಾಗ ಮೈಯಲ್ಲಿ ದೊಡ್ಡದಿರುವುದು ಗಂಡು. ಎದೆಪಟ್ಟಿಯಿಲ್ಲದ, ಮಾಸಲು ಕಂದು ಬಣ್ಣದ, ತಲೆ ತುಂಬ ಗರಿಯಿರುವ ಹಕ್ಕಿಗಳು ಕಂಡರೆ ಬೇರೆ ಜಾತಿ ಎಂದುಕೊಳ್ಳಬೇಡಿ. ಅವು ಹಿಂದಿನ ವರ್ಷದ ಮರಿಗಳು. ಪೂರಾ ಬಣ್ಣ ಬರಲು ಎರಡು ಮೂರು ವರ್ಷ ಬೇಕು.

ಈಗ ಅದು ಮೀನು ಹಿಡಿಯುವ ಬಗೆ. ನಿಮ್ಮ ಪ್ರಶ್ನೆಯ ಗಂಟು ಇರುವುದೇ ಇಲ್ಲಿ. ಬೆಳ್ಳಕ್ಕಿ, ಬಕ ಕಣ್ಣಿನಿಂದ ಬೇಟೆಯಾಡುತ್ತವೆ. ಮೀನು ಕಾಣುವವರೆಗೆ ಕಲ್ಲಾಗಿ ನಿಂತು, ಕಂಡಾಗ ಚುಚ್ಚುತ್ತವೆ. ಬಣ್ಣದ ಕೊಕ್ಕರೆ ಹಾಗಲ್ಲ. ದುರ್ಬೀನು ಹಿಡಿದು ಐದು ನಿಮಿಷ ನೋಡಿದರೆ ಗೊತ್ತಾಗುತ್ತದೆ. ಕೊಕ್ಕನ್ನು ಅರ್ಧ ತೆರೆದು, ಕಣ್ಣಿನ ಹತ್ತಿರದವರೆಗೂ ನೀರಿಗಿಳಿಸಿ, ಅತ್ತ ಇತ್ತ ಬೀಸುತ್ತ ನಿಧಾನವಾಗಿ ಹೆಜ್ಜೆ ಹಾಕುತ್ತದೆ. ನಡೆಯುತ್ತಲೇ ಒಂದು ಕಾಲಿನಿಂದ ತಳದ ಕೆಸರು ಕೆದಕುತ್ತದೆ. ನಡುನಡುವೆ ಒಂದು ರೆಕ್ಕೆಯನ್ನು ಛತ್ರಿಯಂತೆ ಫಟ್ಟನೆ ಬಿಚ್ಚಿ ಮುಚ್ಚುವುದೂ ಉಂಟು. ಹೆದರಿ ಕದಲಿದ ಮೀನು ಕೊಕ್ಕಿನ ಒಳಬದಿಗೆ ತಗುಲಿತೋ, ಕೊಕ್ಕು ತಾನಾಗಿ ಮುಚ್ಚಿಕೊಳ್ಳುತ್ತದೆ. ಆಮೇಲೆ ತಲೆ ಮೇಲೆತ್ತಿ, ಮೀನನ್ನು ತಲೆಯ ಕಡೆಯಿಂದ ಗಂಟಲಿಗೆ ಇಳಿಸಿಕೊಂಡು, ಮತ್ತೆ ಕೊಕ್ಕು ನೀರಿಗೆ. ಇಷ್ಟರಲ್ಲಿ ಕಣ್ಣಿಗೆ ಏನೂ ಕೆಲಸವಿಲ್ಲ.

ಇದರ ದಾಯಾದಿಯಾದ ಅಮೆರಿಕದ ಕಾಡುಕೊಕ್ಕರೆಯ ಮೇಲೆ 1960ರ ದಶಕದಲ್ಲಿ ಕಣ್ಣು ಮುಚ್ಚಿ ಪರೀಕ್ಷೆ ನಡೆಸಿದ್ದರು. ಕಣ್ಣು ಕಟ್ಟಿದರೂ ಹಕ್ಕಿ ಮೀನು ಹಿಡಿಯಿತು. ಮೀನು ತಗುಲಿದ ಕ್ಷಣದಿಂದ ಕೊಕ್ಕು ಮುಚ್ಚಲು ಹಿಡಿದ ಹೊತ್ತು ಸುಮಾರು 25 ಮಿಲಿಸೆಕೆಂಡ್, ಅಂದರೆ ಒಂದು ಸೆಕೆಂಡಿನ ನಲವತ್ತನೇ ಒಂದು ಭಾಗ. ನಾವು ಒಮ್ಮೆ ರೆಪ್ಪೆ ಬಡಿಯಲು ಅದಕ್ಕಿಂತ ಹಲವು ಪಟ್ಟು ಹೊತ್ತು ಬೇಕು. ಎರಡೂ ಒಂದೇ ಕುಲದ ಹಕ್ಕಿಗಳು, ಬೇಟೆಯ ಪಟ್ಟು ಒಂದೇ. ಹೀಗಾಗಿಯೇ ಎಮ್ಮೆ ಹೊರಳಿ ರಾಡಿಯಾದ ನೀರಿನಲ್ಲೂ, ಕಳೆ ಕವಿದ ಮೂಲೆಯಲ್ಲೂ, ಒಮ್ಮೊಮ್ಮೆ ಕತ್ತಲಾದ ಮೇಲೂ ಇದಕ್ಕೆ ಹೊಟ್ಟೆ ತುಂಬುತ್ತದೆ.

ಆದರೆ ಈ ವಿದ್ಯೆಗೆ ತೆರಬೇಕಾದ ಬೆಲೆಯೊಂದಿದೆ. ಮೀನನ್ನು ನೋಡಿ ಬೆನ್ನಟ್ಟಲು ಬಾರದು, ಮೀನೇ ಬಂದು ಕೊಕ್ಕಿಗೆ ತಗುಲಬೇಕು. ಕೆರೆಯಲ್ಲಿ ಒಟ್ಟು ಎಷ್ಟು ಮೀನಿದೆ ಎಂಬ ಲೆಕ್ಕ ಇದಕ್ಕೆ ಮುಖ್ಯವಲ್ಲ. ಒಂದು ಬಕೆಟ್ ನೀರಿನಲ್ಲಿ ಎಷ್ಟು ಮೀನು ಎಂಬುದೇ ಮುಖ್ಯ. ಎರಡು ಮೀಟರ್ ಆಳದ ನೀರು ಅದೇ ಜಾಗದಲ್ಲಿ ಇಪ್ಪತ್ತು ಸೆಂಟಿಮೀಟರಿಗೆ ಇಳಿಯಿತು ಅನ್ನಿ. ಮೀನು ಅಷ್ಟೇ ಇದ್ದರೂ ದಟ್ಟಣೆ ಹತ್ತು ಪಟ್ಟಾಯಿತು. ಕೆರೆ ಬತ್ತುತ್ತ ಹರವೂ ಕುಗ್ಗುವುದರಿಂದ ನಿಜದಲ್ಲಿ ಇನ್ನೂ ಹೆಚ್ಚೇ ಆಗುತ್ತದೆ. ಕೊನೆಯ ಗುಂಡಿಗಳಲ್ಲಿ ಪಕ್ಕೆ, ಜಿಲೇಬಿ ಮೀನಿನ ಮರಿಗಳು ಕುದಿಯುವ ಎಸರಿನಂತೆ ಮಿಡುಕುವಾಗ ನೂರಾರು ಕೊಕ್ಕರೆ ಒಟ್ಟಿಗೆ ಇಳಿಯುವುದನ್ನು ನೀವೇ ನೋಡಿರುತ್ತೀರಿ.

ಎಷ್ಟು ಆಳ ಸರಿ? ಉತ್ತರ ಭಾರತದ ಮೀನುಕೊಳಗಳಲ್ಲಿ ಅಳೆದು ನೋಡಿದಾಗ, ಸುಮಾರು 7 ಸೆಂಟಿಮೀಟರ್ ನೀರಿದ್ದಲ್ಲಿ ಇದರ ಬೇಟೆ ಅತಿ ಹೆಚ್ಚು ಫಲಿಸಿತ್ತು. ನಾಲ್ಕು ಬೆರಳು ನೀರು, ಅಷ್ಟೇ. ಒಂದು ಗೇಣು ದಾಟಿದರೆ ಕಷ್ಟ ಶುರು. ನೀವು ದಡದಲ್ಲೇ ನಿಂತು ಅಳೆಯಬಹುದು. ಹಕ್ಕಿಯ ಕಾಲಿನ ನಡುವೆ ಗಂಟೊಂದು ಕಾಣುತ್ತದಲ್ಲ, ಎಲ್ಲರೂ ಮೊಣಕಾಲು ಅನ್ನುತ್ತಾರೆ, ಆದರೆ ಅದು ಹಿಮ್ಮಡಿಯ ಕೀಲು. ನಿಜವಾದ ಮೊಣಕಾಲು ಗರಿಯೊಳಗೆ ಅಡಗಿದೆ. ನೀರು ಆ ಗಂಟಿನಿಂದ ಕೆಳಗಿದ್ದರೆ ಹಕ್ಕಿ ಉಣ್ಣುವ ಜಾಗದಲ್ಲಿದೆ. ಗಂಟು ಮುಳುಗಿ, ಹೊಟ್ಟೆಯ ಗರಿಗೆ ನೀರು ತಾಗುವಂತಿದ್ದರೆ ಅದು ಬರೀ ದಾಟಿಹೋಗುತ್ತಿದೆ.

ಇನ್ನು ಹೂಳೆತ್ತಿದ ವಿಷಯ. ಹಳೆಯ ಕೆರೆಗಳು ಊಟದ ತಟ್ಟೆಯಂತಿದ್ದವು. ಏರಿಯ ಬುಡದಲ್ಲಿ ಆಳ, ಹಿನ್ನೀರಿನ ಕಡೆ ಉದ್ದಕ್ಕೆ ಸವರಿಕೊಂಡು ಹೋದ ಇಳಿಜಾರು. ಜೆಸಿಬಿ ಇಳಿಸಿ ಸುತ್ತಲೂ ಒಂದೇ ಸಮ ಅಗೆದು, ಮಣ್ಣನ್ನು ದಡಕ್ಕೆ ಪೇರಿಸಿ ದಾರಿ ಮಾಡಿದರೆ ಕೆರೆ ಬಾನಿಯಂತಾಗುತ್ತದೆ. ಸ್ವಲ್ಪ ಲೆಕ್ಕ ಹಾಕಿ. 50 ಮೀಟರ್ ನಡೆದರೆ 1 ಮೀಟರ್ ಇಳಿಯುವ ದಡದಲ್ಲಿ, 20 ಸೆಂಟಿಮೀಟರಿನೊಳಗಿನ ನೀರಿನ ಪಟ್ಟಿ 10 ಮೀಟರ್ ಅಗಲ ಇರುತ್ತದೆ. 2 ಮೀಟರಿಗೆ 1 ಮೀಟರ್ ಇಳಿಯುವ ಕಡಿದಾದ ದಡದಲ್ಲಿ ಅದೇ ಪಟ್ಟಿ ಬರೀ 40 ಸೆಂಟಿಮೀಟರ್, ಒಂದು ಹಕ್ಕಿ ತಿರುಗಿ ನಿಲ್ಲಲೂ ಸಾಲದು. ನೀರು ಹಿಡಿಯುವ ಲೆಕ್ಕದಲ್ಲಿ ಎರಡನೆಯದು ಲಾಭದ್ದೇ, ಕೊಕ್ಕರೆಯ ಲೆಕ್ಕದಲ್ಲಿ ಅಲ್ಲಿ ಕೆರೆಯೇ ಇಲ್ಲ. ಇಳಿಜಾರು ದಡದ ಇನ್ನೊಂದು ಗುಣವೆಂದರೆ ಊಟದ ಪಟ್ಟಿ ದಿನವೂ ಹೊಸ ಜಾಗಕ್ಕೆ ಸರಿಯುತ್ತದೆ. ಬೇಸಿಗೆಯಲ್ಲಿ ಬರೀ ಆವಿಯಾಗಿಯೇ ನೀರು ದಿನಕ್ಕೆ ಅರ್ಧ ಸೆಂಟಿಮೀಟರಿನಷ್ಟು ಇಳಿಯುತ್ತದೆ. 50ಕ್ಕೆ 1ರ ದಡದಲ್ಲಿ ನೀರಂಚು ದಿನಕ್ಕೆ 25 ಸೆಂಟಿಮೀಟರ್ ಹಿಂದೆ ಸರಿದಂತಾಯಿತು. ಇಂದು ಗೇಣು ನೀರಿರುವಲ್ಲಿ ಸುಮಾರು ಒಂದು ತಿಂಗಳಲ್ಲಿ ನಾಲ್ಕು ಬೆರಳು. ಹೀಗೆ ತಿಂಗಳುಗಟ್ಟಲೆ ಬಡಿಸುತ್ತಲೇ ಹೋಗುತ್ತದೆ ಕೆರೆ.

ತಿಂಗಳುಗಟ್ಟಲೆ ಏಕೆ ಬೇಕೆಂದರೆ ಮರಿಗಳಿಗಾಗಿ. ಕಾವು ಸುಮಾರು 30 ದಿನ, ಮೊಟ್ಟೆಯೊಡೆದ ಮರಿ ಹಾರಲು ಹತ್ತಿರ ಹತ್ತಿರ ಎರಡು ತಿಂಗಳು. ಗೂಡು ಕಟ್ಟುವುದೂ ಸೇರಿದರೆ ಮೂರೂವರೆ ತಿಂಗಳ ಸಂಸಾರ. ಒಂದು ಮರಿಗೆ ದಿನಕ್ಕೆ 500ರಿಂದ 600 ಗ್ರಾಂ ಮೀನು ಬೇಕೆಂದು ಅಂದಾಜಿದೆ. ಮೂರು ಮರಿಗಳ ಗೂಡಿಗೆ ಒಂದೂವರೆ ಕಿಲೋ ದಾಟಿತು. ಒಂದೊಂದು ಮೀನು ಹತ್ತು ಗ್ರಾಂ ಅಂದುಕೊಂಡರೆ ನೂರೈವತ್ತಕ್ಕೂ ಹೆಚ್ಚು ಮೀನು, ಅದೂ ತಂದೆತಾಯಿಯ ಹೊಟ್ಟೆಪಾಡು ಬಿಟ್ಟು. ಐವತ್ತು ಗೂಡು, ಗೂಡಿಗೆ ಎರಡೇ ಮರಿ ಎಂದರೂ ದಿನಕ್ಕೆ ಐವತ್ತು ಕಿಲೋ ಮೀನು! ಒಂದು ಕೆರೆಯಿಂದ ಆಗುವ ಕೆಲಸವಲ್ಲ ಇದು. ಬಿಸಿಲೇರಿ ಗಾಳಿ ಕಾದ ಮೇಲೆ ಹಕ್ಕಿಗಳು ಆ ಬಿಸಿಗಾಳಿಯನ್ನೇ ಹತ್ತಿ, ರೆಕ್ಕೆ ಬಡಿಯದೆ ಸುತ್ತುತ್ತ ಮೇಲೇರಿ, ಹಲವು ಕಿಲೋಮೀಟರ್ ದೂರದ ಕೆರೆ, ನಾಲೆ, ಭತ್ತದ ಗದ್ದೆಗಳಿಗೆ ತೇಲಿ ಹೋಗುತ್ತವೆ. ಆದ್ದರಿಂದ ಗೂಡಿನ ಮರ ನಿಮ್ಮೂರಿನಲ್ಲಿ ಖಾಲಿಯಿದ್ದರೆ ಕಾರಣ ನಿಮ್ಮೂರ ಕೆರೆಯೊಂದೇ ಆಗಿರಬೇಕಿಲ್ಲ. ಸುತ್ತಲಿನ ಕೆರೆಗಳೂ ತುಂಬಿ ನಿಂತಿರುತ್ತವೆ.

ನಮ್ಮ ಬಯಲುಸೀಮೆಯಲ್ಲಿ ಜೋರು ಮಳೆ ಸೆಪ್ಟೆಂಬರ್, ಅಕ್ಟೋಬರಿನದು. ಅಲ್ಲಿಂದ ತುಂಬಿದ ಕೆರೆ ಜನವರಿಯ ಹೊತ್ತಿಗೆ ಇಳಿಯತೊಡಗುತ್ತದೆ. ಆಗ ಮೊಟ್ಟೆಯಿಟ್ಟರೆ ಮರಿಗಳ ಹಸಿವು ಮಾರ್ಚ್, ಏಪ್ರಿಲಿನಲ್ಲಿ ತುತ್ತತುದಿಗೇರುತ್ತದೆ, ಮೀನು ಗುಂಡಿಗಳಲ್ಲಿ ಒತ್ತೊತ್ತಾಗಿ ಸೇರುವುದೂ ಆಗಲೇ. ಇದೇ ಜಾತಿ ರಾಜಸ್ಥಾನದ ಭರತಪುರದಲ್ಲಿ, ದೆಹಲಿಯಲ್ಲಿ ಆಗಸ್ಟ್, ಸೆಪ್ಟೆಂಬರಿನಲ್ಲೇ ಗೂಡಿಗೆ ಕೂರುತ್ತದೆ. ಅಲ್ಲಿ ಮುಂಗಾರು ಜುಲೈ, ಆಗಸ್ಟಿನಲ್ಲಿ ತಗ್ಗುಗಳನ್ನೆಲ್ಲ ತುಂಬಿ ಮೀನಿನ ಮರಿಗಳನ್ನು ಹರಡಿಬಿಟ್ಟಿರುತ್ತದೆ. ಹಕ್ಕಿ ಒಂದೇ, ಪಂಚಾಂಗ ಬೇರೆ. ಬೇಗ ಮೊಟ್ಟೆಯಿಟ್ಟ ಜೋಡಿಗಳು ಹೆಚ್ಚು ಮೊಟ್ಟೆ ಇಡುತ್ತವೆ. ಒಂದರಿಂದ ಐದರವರೆಗೆ ಇರಬಹುದು. ತಡವಾದಷ್ಟೂ ಕಡಿಮೆ, ಏಕೆಂದರೆ ಹಿಂದಿನಿಂದ ಮಳೆಗಾಲ ಅಟ್ಟಿಕೊಂಡು ಬರುತ್ತಿರುತ್ತದೆ.

ಮಧ್ಯದಲ್ಲಿ ನೀರು ಏರಿದರೆ ಏನಾಗುತ್ತದೆ ಎಂಬುದಕ್ಕೆ ಫ್ಲಾರಿಡಾದ ಎವರ್‌ಗ್ಲೇಡ್ಸ್ ಜೌಗಿನ ಕಾಡುಕೊಕ್ಕರೆಗಳು ಒಳ್ಳೆಯ ಪಾಠ. ಅಲ್ಲಿ ಬೇಸಿಗೆಗೆ ಮುಂಚಿನ ಒಣ ತಿಂಗಳುಗಳಲ್ಲಿ ಅಕಾಲದ ಮಳೆ ಬಂದು ನೀರು ಮತ್ತೆ ಏರಿದರೆ, ಸೇರಿಕೊಂಡಿದ್ದ ಮೀನು ಚದುರಿಹೋಗಿ, ಮರಿಗಳಿರುವ ಗೂಡುಗಳನ್ನೇ ಹಕ್ಕಿಗಳು ತೊರೆದು ಹೋಗುತ್ತವೆ. ನಿಮ್ಮ ಜಿಲ್ಲೆಯ ಹಲವು ಕೆರೆಗಳಿಗೆ ಹೇಮಾವತಿ ನಾಲೆಯ ನೀರು ಬರುತ್ತದೆ. ಕುಡಿಯುವ ನೀರಿಗೆ ಅದು ಬೇಕೇ ಬೇಕು, ಅದರ ಬಗ್ಗೆ ತಕರಾರಿಲ್ಲ. ಆದರೆ ನಿಮ್ಮ ಕೆರೆಗೂ ಫೆಬ್ರುವರಿ, ಮಾರ್ಚಿನಲ್ಲಿ ನಾಲೆಯಿಂದ ನೀರು ಹರಿಸಿದ್ದರೆ ಹಕ್ಕಿಗಳ ಕಣ್ಣಿಗೆ ಅದು ಅಕಾಲದ ಮಳೆಯೇ. ಯಾವ ವಾರ ಎಷ್ಟು ನೀರು ಬಂತು ಎಂದು ಪಂಚಾಯಿತಿಯಲ್ಲಿ ಕೇಳಿ ಬರೆದಿಟ್ಟುಕೊಳ್ಳಿ. ಗೂಡುಗಳ ಲೆಕ್ಕದ ಪಕ್ಕದಲ್ಲಿ ಅದನ್ನಿಟ್ಟು ನೋಡಿದರೆ ನಿಮಗೇ ಹೊಳೆಯುತ್ತದೆ.

ಎಲ್ಲಿಂದ ಬರುತ್ತವೆ ಎಂದು ಕೇಳಿದ್ದೀರಿ. ಸೈಬೀರಿಯಾದಿಂದಲ್ಲ. ಊರೂರಿನ ಫಲಕಗಳಲ್ಲಿ, ಪತ್ರಿಕೆಗಳಲ್ಲಿ ಬರುವ ಆ ಮಾತು, ಹೊರನಾಡುಗಳಿಂದ ಬರುವ ನಿಜವಾದ ವಲಸೆಹಕ್ಕಿಗಳ ಕಥೆಯನ್ನು ಇದಕ್ಕೂ ಅಂಟಿಸಿದ್ದು. ಬಣ್ಣದ ಕೊಕ್ಕರೆ ಅಪ್ಪಟ ನಮ್ಮ ನೆಲದ ಹಕ್ಕಿ. ಭಾರತ, ಶ್ರೀಲಂಕಾದಿಂದ ಥಾಯ್ಲೆಂಡ್, ಕಾಂಬೋಡಿಯಾವರೆಗೆ ಇದರ ಹರವು. ನೀರು ಮೀನು ನೋಡಿಕೊಂಡು ಕೆರೆಯಿಂದ ಕೆರೆಗೆ, ಜಿಲ್ಲೆಯಿಂದ ಜಿಲ್ಲೆಗೆ ಅಲೆಯುತ್ತದೆ, ಅಷ್ಟೇ. ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರು, ಕಾವೇರಿಯ ನಡುಗಡ್ಡೆಗಳಲ್ಲಿರುವ ರಂಗನತಿಟ್ಟು, ನಿಮ್ಮದೇ ಜಿಲ್ಲೆಯ ಶಿರಾ ತಾಲ್ಲೂಕಿನ ಕಗ್ಗಲಡು, ಹಗರಿಬೊಮ್ಮನಹಳ್ಳಿ ಹತ್ತಿರದ ಅಂಕಸಮುದ್ರ, ಗಡಿಯಾಚೆ ಹಿಂದೂಪುರದ ಕಡೆಯ ವೀರಾಪುರ, ಇವೆಲ್ಲ ಇದು ಗೂಡು ಕಟ್ಟುವ ಹೆಸರಾಂತ ಜಾಗಗಳು. ಇವುಗಳಲ್ಲಿ ಅಂಕಸಮುದ್ರದ ಗೂಡುಗಳು ಕೆರೆಯ ನೀರಿನೊಳಗೇ ನಿಂತ ಕರಿಜಾಲಿ ಮರಗಳ ಮೇಲೆ, ರಂಗನತಿಟ್ಟಿನವು ಹೊಳೆ ಸುತ್ತುವರಿದ ನಡುಗಡ್ಡೆಗಳಲ್ಲಿ. ಸುತ್ತ ನೀರಿದ್ದರೆ ಬೆಕ್ಕು, ನಾಯಿ, ಮನುಷ್ಯ ಯಾರೂ ಸುಲಭಕ್ಕೆ ಹತ್ತಲಾಗದು. ನೀರಿನ ಕಾವಲಿಲ್ಲದ ಕಡೆ ಹಕ್ಕಿ ಮನುಷ್ಯರ ಕಾವಲನ್ನು ಹುಡುಕಿಕೊಂಡಂತೆ ಊರೊಳಗಿನ ಮರ ಹಿಡಿಯುತ್ತದೆ. ಕೊಕ್ಕರೆಬೆಳ್ಳೂರು, ಕಗ್ಗಲಡುಗಳದು ಆ ಬಗೆ, ನಿಮ್ಮೂರಿನದೂ ಅದೇ.

ಗೂಡೆಂದರೆ ಒಣಕಡ್ಡಿಗಳ ಅಟ್ಟಣೆ, ನಡುವೆ ತುಸು ತಗ್ಗು, ಅದರಲ್ಲಿ ಹಸಿ ಎಲೆ, ನೀರುಗಿಡದ ದಂಟು. ಒಂದು ದೊಡ್ಡ ಮರದಲ್ಲಿ ಹತ್ತಾರು ಗೂಡುಗಳು ಕೊಕ್ಕು ಚಾಚಿದರೆ ಎಟುಕುವಷ್ಟು ಹತ್ತಿರ ಇರುತ್ತವೆ, ಹಾಗಾಗಿ ಕಡ್ಡಿ ಕಳವೂ ಜಗಳವೂ ನಿತ್ಯದ್ದು. ದೊಡ್ಡ ಹಕ್ಕಿಗಳಿಗೆ ಕೂಗಲು ಬರುವುದಿಲ್ಲವೆಂದೇ ಅನ್ನಬೇಕು, ಕೊಕ್ಕನ್ನು ಕಟಕಟ ಬಡಿಯುವುದೇ ಅವುಗಳ ಮಾತು. ರಾತ್ರಿಯಿಡೀ ಕೇಳುವ ಗದ್ದಲ ಮರಿಗಳದು. ಮೊದಲ ಮೊಟ್ಟೆಯಿಟ್ಟ ಕೂಡಲೇ ಕಾವು ಶುರುವಾಗುವುದರಿಂದ ಮರಿಗಳು ಒಂದೇ ದಿನ ಹೊರಬರುವುದಿಲ್ಲ. ಮೊದಲು ಹುಟ್ಟಿದ್ದು ಮೈಯಲ್ಲಿ ಮುಂದು, ತುತ್ತು ಕಸಿಯುವುದರಲ್ಲೂ ಮುಂದು. ತಂದೆತಾಯಿ ಗೂಡಿನ ತಳಕ್ಕೆ ಮೀನು ಕಕ್ಕುತ್ತವೆ, ಯಾರು ಮೊದಲು ಹೆಕ್ಕಿದರೋ ಅವರದು. ಮೀನು ಧಾರಾಳವಾಗಿದ್ದ ವರ್ಷ ಮೂರೂ ಉಳಿದಾವು. ಕೊರತೆಯಾದರೆ ಚಿಕ್ಕದು ಸಾಯುತ್ತದೆ ಇಲ್ಲವೇ ತಳ್ಳಾಟದಲ್ಲಿ ಕೆಳಗೆ ಬೀಳುತ್ತದೆ. ಮಾರ್ಚಿನ ಉರಿಬಿಸಿಲಿನಲ್ಲಿ ತಾಯಿಯೋ ತಂದೆಯೋ ಸೂರ್ಯನಿಗೆ ಬೆನ್ನು ಕೊಟ್ಟು ರೆಕ್ಕೆ ಅರ್ಧ ಬಿಚ್ಚಿ ಗಂಟೆಗಟ್ಟಲೆ ನಿಂತು ಮರಿಗಳಿಗೆ ನೆರಳು ಹಿಡಿಯುತ್ತದೆ. ಹಕ್ಕಿಯ ಕಾಲು ಸುಣ್ಣ ಬಳಿದಂತೆ ಬೆಳ್ಳಗಿದ್ದರೆ ರೋಗವೆಂದು ಹೆದರಬೇಡಿ. ತನ್ನ ತೆಳುವಾದ ಹಿಕ್ಕೆಯನ್ನು ತಾನೇ ಕಾಲಿನ ಮೇಲೆ ಬಿಟ್ಟುಕೊಂಡು, ಅದು ಆರುವಾಗ ಮೈ ತಂಪು ಮಾಡಿಕೊಳ್ಳುವ ಉಪಾಯವದು.

ಈ ನೆರಳು ಹಿಡಿಯುವ ಹೊತ್ತಿನಲ್ಲಿ ಪಟಾಕಿ ಸಿಡಿಸಿ, ಮರದ ಬುಡದಲ್ಲಿ ತಮಟೆ ಬಡಿದು, ಫೋಟೊಗಾಗಿ ಡ್ರೋನ್ ಹಾರಿಸಿ ಹಕ್ಕಿ ಎಬ್ಬಿಸಿದರೆ ಬಿಸಿಲು ನೇರ ಮರಿಯ ಮೇಲೆ ಬೀಳುತ್ತದೆ. ಗರಿ ಬಲಿಯದ ಮರಿ ಅದನ್ನು ಹೆಚ್ಚು ಹೊತ್ತು ತಡೆಯಲಾರದು. ಕಾಗೆ, ಹದ್ದುಗಳಿಗೂ ಆ ಗಳಿಗೆಯೇ ಸಾಕು.

ಹುಣಸೆಯ ಮಾತು ಬಂದರೆ ಜಗಳದ ಮೂಲವನ್ನು ಒಪ್ಪಿಕೊಳ್ಳಲೇಬೇಕು. ಹಣ್ಣು ಬಡಿಯುವ ಕಾಲವೂ ಹಕ್ಕಿ ಗೂಡಿಗೆ ಕೂರುವ ಕಾಲವೂ ಒಂದೇ. ಬಡಿದರೆ ಗೂಡು ಹೋಯಿತು, ಬಿಟ್ಟರೆ ಹಣ್ಣು ಹೋಯಿತು. ಮೇಲಾಗಿ ಹಿಕ್ಕೆಯಿಂದ ಎಲೆ ಸುಟ್ಟು, ವರ್ಷಗಳು ಕಳೆದಂತೆ ಮರವೇ ಸೊರಗುತ್ತದೆ. ಕೊಕ್ಕರೆಬೆಳ್ಳೂರಿನಲ್ಲಿ ಅರಣ್ಯ ಇಲಾಖೆ ಗೂಡಿರುವ ಮರಗಳ ಮಾಲೀಕರಿಗೆ ಪರಿಹಾರ ಕೊಡುವ ಏರ್ಪಾಡು ಬಂದದ್ದು ಇದಕ್ಕೇ. 1976ರಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರು ಆ ಊರನ್ನು ಹೊರಗಿನವರ ಗಮನಕ್ಕೆ ತಂದರು, 2007ರಲ್ಲಿ ಅದು ಸಮುದಾಯ ಮೀಸಲು ಪ್ರದೇಶವಾಯಿತು. ನಿಮ್ಮೂರಿನಲ್ಲೂ ಗೂಡುಗಳಿದ್ದ ವರ್ಷಗಳ ಫೋಟೊ, ಮರದ ಸರ್ವೆ ನಂಬರು, ಗೂಡಿನ ಲೆಕ್ಕ ಇಟ್ಟುಕೊಂಡು ವಲಯ ಅರಣ್ಯಾಧಿಕಾರಿಗೆ ಅರ್ಜಿ ಕೊಡಬಹುದು. ಲೆಕ್ಕವಿಲ್ಲದ ಅರ್ಜಿಗೆ ಬಲವಿಲ್ಲ. ಇನ್ನು ಹಿಕ್ಕೆಯೇ ಲಾಭವಾಗುವ ದಾರಿಯೂ ಅಲ್ಲಿ ಮೊದಲಿಂದ ಇದೆ. ಮರದ ಬುಡದಲ್ಲಿ ಗುಂಡಿ ತೆಗೆದು ಕೆರೆಗೋಡು, ಅಂದರೆ ಕೆರೆಯ ಹೂಳು, ತುಂಬಿಟ್ಟರೆ ಹಿಕ್ಕೆ ಅದಕ್ಕೆ ಬಿದ್ದು ಒಳ್ಳೆಯ ಗೊಬ್ಬರವಾಗುತ್ತದೆ. ಗುಂಡಿ ತೆಗೆಯುವಾಗ ಬೇರು ಕಡಿಯದಂತೆ ಮರದಿಂದ ಸ್ವಲ್ಪ ದೂರ ಸರಿಯಿರಿ. ಹಸಿ ಹಿಕ್ಕೆಯನ್ನೇ ನೇರವಾಗಿ ಗಿಡಕ್ಕೆ ಹಾಕಬೇಡಿ, ಉರಿ ಜಾಸ್ತಿ, ಎಳೆಗಿಡ ಸುಟ್ಟುಹೋಗುತ್ತದೆ.

ಮರಿ ಬಿದ್ದರೆ ಏನು ಮಾಡಬೇಕೆಂದು ಕೇಳಿದಿರಿ. ಮೊದಲ ಕೆಲಸ, ನಾಯಿಗಳನ್ನೂ ಜನರನ್ನೂ ದೂರ ಇಡುವುದು. ಬೆದರಿದ ಮರಿ ತಿಂದದ್ದನ್ನೆಲ್ಲ ಕಕ್ಕಿ, ನೆಲಕ್ಕೆ ಕವುಚಿಕೊಂಡು ಸತ್ತಂತೆ ಬಿದ್ದಿರುತ್ತದೆ. ‘ಸತ್ತಿದೆ’ ಎಂದು ಎಸೆದ ಮರಿಗಳಲ್ಲಿ ಜೀವವಿದ್ದದ್ದು ಉಂಟು. ಹತ್ತು ನಿಮಿಷ ಸುಮ್ಮನೆ ಬಿಟ್ಟು ದೂರದಿಂದ ನೋಡಿ. ಎತ್ತಬೇಕಾದರೆ ಮೇಲಿಂದ ಹತ್ತಿಬಟ್ಟೆ ಮುಚ್ಚಿ, ಒಂದು ಕೈಯಲ್ಲಿ ತಲೆಯ ಹಿಂಭಾಗ ಹಿಡಿದು, ಇನ್ನೊಂದರಲ್ಲಿ ರೆಕ್ಕೆಗಳನ್ನು ಮೈಗೆ ಒತ್ತಿ ಎತ್ತಿ. ಕೊಕ್ಕು ನಿಮ್ಮ ಮುಖಕ್ಕೆ ಎಟುಕದಂತೆ ಇರಲಿ, ಅದು ಕಣ್ಣಿಗೇ ಗುರಿಯಿಡುತ್ತದೆ. ಕೊಕ್ಕನ್ನು ದಾರದಿಂದ ಕಟ್ಟಬೇಡಿ. ಕಕ್ಕಲು ಬಂದರೆ ಉಸಿರುಗಟ್ಟುತ್ತದೆ. ತಳಕ್ಕೆ ಗೋಣಿತಾಟು ಹಾಸಿ, ಗಾಳಿಯಾಡಲು ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿ ನೆರಳಿನಲ್ಲಿಡಿ. ನುಣುಪು ನೆಲದ ಮೇಲೆ ಬಿಟ್ಟರೆ ಕಾಲುಗಳು ಎರಡೂ ಕಡೆ ಜಾರಿ ಸೊಟ್ಟಗಾಗುತ್ತವೆ.

ಬಾಯಿಗೆ ನೀರು ಹುಯ್ಯುವುದು ಎಲ್ಲರೂ ಮಾಡುವ ತಪ್ಪು. ಶ್ವಾಸನಾಳದ ಬಾಯಿ ನಾಲಿಗೆಯ ಬುಡದಲ್ಲೇ ತೆರೆದಿರುತ್ತದೆ, ನೀರು ನೇರ ಅಲ್ಲಿಗೆ ಇಳಿಯುತ್ತದೆ. ನೀರಿನ ಅಂಶ ಮೀನಿನಿಂದಲೇ ಸಿಗುತ್ತದೆ. ಅನ್ನ, ಬ್ರೆಡ್ಡು, ಹಾಲು ಯಾವುದೂ ಬೇಡ. ಅರಣ್ಯ ಇಲಾಖೆಯವರು ಬರುವುದು ತಡವಾದರೆ ಬೆರಳುದ್ದದ ಹಸಿ ಮೀನನ್ನು ಇಡಿಯಾಗಿ, ನೀರಿನಲ್ಲಿ ಅದ್ದಿ, ಮುಂದೆ ಇಡಿ. ಮರಿಗೆ ನೆಲದಿಂದ ಹೆಕ್ಕಿಯೇ ಅಭ್ಯಾಸ, ತಾನಾಗಿ ತಿನ್ನುತ್ತದೆ. ಉಪ್ಪು ಹಾಕಿದ, ಒಣಗಿದ, ಮುಳ್ಳು ಸೆಟೆದ ದೊಡ್ಡ ಜಿಲೇಬಿ ಕೊಡಬಾರದು. ಗೂಡಿಗೆ ವಾಪಸ್ ಇಡಲು ಮರ ಹತ್ತುವ ಸಾಹಸ ಬೇಡ. ಒಂದು ಮರಿಯನ್ನು ಉಳಿಸಲು ಹೋಗಿ ಪಕ್ಕದ ಹತ್ತು ಗೂಡಿನ ಮರಿಗಳು ಹೆದರಿ ಅಂಚಿಗೆ ಸರಿದು ಬೀಳುತ್ತವೆ. ಕೊಕ್ಕರೆಬೆಳ್ಳೂರಿನಲ್ಲಿ ಬಿದ್ದ ಮರಿಗಳನ್ನು ಬೇಲಿಯೊಳಗೆ ಸಾಕಿ, ರೆಕ್ಕೆ ಬಲಿತ ಮೇಲೆ ಬಿಡುವ ರೂಢಿಯಿದೆ. ಅದು ಇಲಾಖೆಯ ಜೊತೆಗೂಡಿ ನಡೆಯುವ ಕೆಲಸ. ಅನುಮತಿಯಿಲ್ಲದೆ ಮನೆಯಲ್ಲಿಟ್ಟು ಸಾಕಿದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧವಾಗುತ್ತದೆ. ಒಂದೇ ದಿನ ಒಂದೇ ಕಡೆ ಹಲವು ಮರಿಯೋ ದೊಡ್ಡ ಹಕ್ಕಿಯೋ ಸತ್ತು ಬಿದ್ದರೆ ಮುಟ್ಟಬೇಡಿ. ಪಶುವೈದ್ಯರಿಗೆ, ಅರಣ್ಯ ಇಲಾಖೆಗೆ ಅಂದೇ ತಿಳಿಸಿ.

ಮೀನು ಗುತ್ತಿಗೆದಾರರ ಅಳಲೂ ನ್ಯಾಯವಾದದ್ದೇ. ಬಿತ್ತನೆಗೆ ಬಿಟ್ಟ ಬೆರಳುದ್ದದ ಕಾಟ್ಲಾ, ರೋಹು ಮರಿಗಳನ್ನು ಕೊಕ್ಕರೆ ತಿನ್ನುವುದು ಹೌದು. ಆದರೆ ಮುಂಗಾರಿನ ನಂತರ ತುಂಬಿದ ಕೆರೆಗೆ ಬಿತ್ತನೆ ಮಾಡಿದ್ದರೆ, ಕೆರೆ ಇಳಿಯುವ ಹೊತ್ತಿಗೆ ಅವು ಕೊಕ್ಕಿಗೆ ಮೀರಿದ ಗಾತ್ರಕ್ಕೆ ಬೆಳೆದು ಆಳದಲ್ಲಿರುತ್ತವೆ. ಅಂಚಿನ ನಾಲ್ಕು ಬೆರಳು ನೀರಿನಲ್ಲಿ ಸಿಗುವುದು ಹೆಚ್ಚಾಗಿ ಪಕ್ಕೆಯಂಥ, ಮಾರಾಟಕ್ಕೆ ಬಾರದ ಪುಡಿಮೀನು. ತೊಂದರೆಯಾಗುವುದು ಬೇಸಿಗೆಯಲ್ಲಿ, ನೀರು ಕಡಿಮೆಯಿರುವಾಗ ಮರಿ ಬಿಟ್ಟರೆ. ಹಕ್ಕಿ ತಡೆಯಲು ಸಣ್ಣ ನೈಲಾನ್ ದಾರ ಅಡ್ಡ ಕಟ್ಟುವುದು ಮಾತ್ರ ಬೇಡ. ಕಾಲಿಗೆ ಸುತ್ತಿಕೊಂಡ ದಾರ ಗೂಡಿನವರೆಗೆ ಹೋಗಿ ಕೊಂಬೆಗೆ ಸಿಕ್ಕಿ, ಹಕ್ಕಿ ತಲೆಕೆಳಗಾಗಿ ತೂಗಿ ಸಾಯುತ್ತದೆ.

ಕೆರೆಗೆ ಏನು ಮಾಡಬಹುದು? ಪೂರಾ ಮತ್ತೆ ಅಗೆಯುವ ಅಗತ್ಯವಿಲ್ಲ. ಏರಿಯ ಕಡೆ ಆಳ ಹಾಗೇ ಇರಲಿ, ಬೋರುಗಳಿಗೂ ಅದೇ ಬೇಕು. ಹಿನ್ನೀರಿನ ಕಡೆ ಒಂದು ಬದಿಯಲ್ಲಿ, ನೂರಿನ್ನೂರು ಮೀಟರ್ ಉದ್ದಕ್ಕಾದರೂ, ಪೇರಿಸಿದ ಮಣ್ಣನ್ನು ಒಳಕ್ಕೆ ಎಳೆದು 30ಕ್ಕೆ 1 ಅಥವಾ 50ಕ್ಕೆ 1ರ ಇಳಿಜಾರು ಮಾಡಿಸಿ. ಅಲ್ಲಲ್ಲಿ ಮೊಣಕಾಲುದ್ದದ ಗುಂಡಿಗಳನ್ನು ಬಿಟ್ಟರೆ ನೀರು ಹಿಂದೆ ಸರಿದಾಗ ಮೀನು ಅವುಗಳಲ್ಲಿ ಉಳಿಯುತ್ತದೆ. ಕೆರೆಯಂಗಳದ ಕರಿಜಾಲಿ ಮರಗಳನ್ನು ‘ಸ್ವಚ್ಛತೆ’ಯ ಹೆಸರಿನಲ್ಲಿ ಕಡಿಸಬೇಡಿ. ಇದ್ದರೆ ಅವೇ ಮುಂದೆ ಗೂಡಿನ ಮರಗಳು, ಹುಣಸೆಯ ಮೇಲಿನ ಭಾರವೂ ಇಳಿದೀತು. ಇಳಿಜಾರಿನ ಪಟ್ಟಿಯ ಮೇಲೆ ವಿದ್ಯುತ್ ತಂತಿ ಹಾದುಹೋಗುತ್ತಿದ್ದರೆ ಬೇರೆ ಬದಿ ಆರಿಸಿ, ತಗ್ಗಿನಿಂದ ಏಳುವ ಭಾರದ ಹಕ್ಕಿ ತಂತಿಗೆ ಬಡಿಯುತ್ತದೆ. ಇದಕ್ಕೆಲ್ಲ ಕೆರೆ ಯಾರ ಸುಪರ್ದಿನಲ್ಲಿದೆಯೋ ಆ ಇಲಾಖೆಯ ಒಪ್ಪಿಗೆ ಬರವಣಿಗೆಯಲ್ಲಿ ಬೇಕು.

ಈ ವರ್ಷದ ಮಟ್ಟಿಗೆ ಗಾಬರಿಪಡಬೇಕಿಲ್ಲ. ನೀರಿನಂಚಿನಲ್ಲಿ ಒಂದು ಬಿದಿರಿನ ಗಳ ನೆಟ್ಟು, ಐದೈದು ಸೆಂಟಿಮೀಟರಿಗೆ ಬಣ್ಣದ ಗೆರೆ ಎಳೆದು, ವಾರಕ್ಕೊಮ್ಮೆ ಒಂದೇ ದಿನ ಬೆಳಿಗ್ಗೆ ಏಳರೊಳಗೆ ನೀರಿನ ಮಟ್ಟ, ನೀರಿನಲ್ಲಿರುವ ಕೊಕ್ಕರೆ, ಮರದಲ್ಲಿರುವ ಗೂಡು, ಮೂರನ್ನೂ ಬರೆಯಿರಿ. ಬಿಸಿಲೇರಿದ ಮೇಲೆ ಎಣಿಸಿದರೆ ಅರ್ಧ ಹಕ್ಕಿ ಆಗಲೇ ಹಾರಿಹೋಗಿರುತ್ತವೆ. ಏಪ್ರಿಲ್, ಮೇ ತಿಂಗಳಲ್ಲಿ ಗೂಡಿಲ್ಲದ ಹಕ್ಕಿಗಳು ಗುಂಪಾಗಿ ಬಂದು ಉಂಡು ಹೋದರೆ, ತುಂಬಿದ ಕೆರೆ ತಡವಾಗಿ ಇಳಿದದ್ದಷ್ಟೇ ಕಾರಣ. ಗೂಡಿನ ಕಾಲ ಮೀರಿತ್ತು, ಮುಂದಿನ ವರ್ಷ ಮತ್ತೆ ಬಂದಾವು. ನೀರು ಏರಿಯ ಬುಡಕ್ಕೆ ಇಳಿದರೂ ಹಕ್ಕಿ ದಡದಲ್ಲಿ ಸುಮ್ಮನೆ ನಿಂತು ಹೋಗುತ್ತಿದ್ದರೆ ಅಥವಾ ಬರದೇ ಇದ್ದರೆ ದಡದ ಇಳಿಜಾರನ್ನೇ ಅನುಮಾನಿಸಿ. ಆಗ ಮಣ್ಣಿನ ಕೆಲಸವನ್ನು ಕೆರೆಯಂಗಳ ಒಣಗಿರುವಾಗಲೇ, ಜೂನ್ ಮಳೆಗೆ ಮುಂಚೆ ಮುಗಿಸಿಕೊಳ್ಳಿ.